ನ್ಯೂಜಿಲೆಂಡ್‌ನಲ್ಲಿ ಬಾಡಿಗೆ ಕಾರು: ದಿನದ ರೇಟು ನೋಡಿ ಬುಕ್ ಮಾಡಬೇಡಿ

ಪ್ಯಾಕೇಜ್ ಟೂರ್ ಬಿಟ್ಟು ತಾವೇ ಕಾರು ಓಡಿಸಿಕೊಂಡು ಸುತ್ತಬೇಕು ಅನ್ನುವವರಿಗೆ ನ್ಯೂಜಿಲೆಂಡ್ ಒಳ್ಳೆಯ ದೇಶ. ಅಲ್ಲೂ ನಮ್ಮ ಹಾಗೆ ರಸ್ತೆಯ ಎಡಗಡೆಯೇ ಓಡಿಸಬೇಕು, ಸ್ಟೀರಿಂಗ್ ಬಲಗಡೆಯೇ ಇರುತ್ತದೆ. ಊರು ದಾಟಿದರೆ ರಸ್ತೆ ಖಾಲಿ. ನಮ್ಮ ಆರ್‌ಟಿಒ ಕೊಟ್ಟ ಸ್ಮಾರ್ಟ್ ಕಾರ್ಡ್ ಡಿಎಲ್‌ನಲ್ಲಿ ಇಂಗ್ಲಿಷ್ ಇರುವುದರಿಂದ ಪ್ರವಾಸಕ್ಕೆ ಅದೇ ಸಾಕು. ಓಡಿಸುವುದು ಸುಲಭ. ತಲೆನೋವು ಶುರುವಾಗುವುದು ಬುಕ್ ಮಾಡಲು ಕೂತಾಗ.

ಒಂದೇ ಮಾದರಿಯ ಕಾರು ಒಂದು ಕಡೆ ದಿನಕ್ಕೆ 45 ನ್ಯೂಜಿಲೆಂಡ್ ಡಾಲರ್ ಅಂತ ತೋರಿಸುತ್ತದೆ, ಇನ್ನೊಂದು ಕಡೆ 88. ಇಷ್ಟು ವ್ಯತ್ಯಾಸ ಯಾಕೆ ಅಂತ ನೋಡದೆ ಕಡಿಮೆ ರೇಟಿನದನ್ನು ಒತ್ತಿಬಿಟ್ಟರೆ ಏರ್‌ಪೋರ್ಟ್ ಕೌಂಟರ್‌ನಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಅದಕ್ಕೆ ಮೊದಲೇ ಒಂದು ಕೆಲಸ ಮಾಡಿ. ಸಿಕ್ಕಿದ ಪ್ರತಿ ಆಫರ್‌ನ ಮುಂದೆ ಎರಡು ಮೊತ್ತ ಬರೆದಿಡಿ. ಕಾರಿಗೆ ಏನೂ ಆಗದಿದ್ದರೆ ಒಟ್ಟು ಎಷ್ಟು ಖರ್ಚು? ಕಾರಿಗೆ ದೊಡ್ಡ ಪೆಟ್ಟಾದರೆ ಒಟ್ಟು ಎಷ್ಟು? ಈ ಎರಡೂ ಗೊತ್ತಾಗುವವರೆಗೆ ಯಾವುದು ಅಗ್ಗ, ಯಾವುದು ದುಬಾರಿ ಅಂತ ಹೇಳಲು ಬರುವುದಿಲ್ಲ.

ಮೊದಲು ದಾರಿ ನಿಗದಿ ಮಾಡಿ

ದಕ್ಷಿಣ ದ್ವೀಪದ ಸಾಮಾನ್ಯ ಸುತ್ತು ಹೀಗಿರುತ್ತದೆ: ಕ್ರೈಸ್ಟ್‌ಚರ್ಚ್‌ನಲ್ಲಿ ಇಳಿದು ಟೆಕಾಪೊ, ಮೌಂಟ್ ಕುಕ್, ವಾನಾಕ ನೋಡಿಕೊಂಡು ಕ್ವೀನ್ಸ್‌ಟೌನ್‌ಗೆ ಹೋಗುವುದು, ಅಲ್ಲಿಂದ ಮಿಲ್ಫರ್ಡ್ ಸೌಂಡ್. ಕ್ವೀನ್ಸ್‌ಟೌನ್‌ನಲ್ಲೇ ಕಾರು ಬಿಟ್ಟು ವಿಮಾನ ಹತ್ತುತ್ತೀರಾ, ಇಲ್ಲ ವಾಪಸ್ ಕ್ರೈಸ್ಟ್‌ಚರ್ಚ್‌ಗೆ ಬರುತ್ತೀರಾ? ಇದನ್ನು ಮೊದಲೇ ತೀರ್ಮಾನಿಸಿ. ಬೇರೆ ಊರಲ್ಲಿ ಕಾರು ಬಿಟ್ಟರೆ ಒನ್ ವೇ ಶುಲ್ಕ ಹಾಕುತ್ತಾರೆ. ಒಂದು ಕಂಪನಿಯಲ್ಲಿ ಅದು ಸೊನ್ನೆ, ಪಕ್ಕದ ಕಂಪನಿಯಲ್ಲಿ ನೂರು ಡಾಲರ್ ದಾಟಬಹುದು.

ಉತ್ತರ ದ್ವೀಪವನ್ನೂ ಸೇರಿಸಿಕೊಂಡರೆ ನಡುವೆ ಸಮುದ್ರ ಇದೆ. ವೆಲ್ಲಿಂಗ್ಟನ್‌ನಿಂದ ಪಿಕ್ಟನ್‌ಗೆ ಫೆರಿಯಲ್ಲಿ ದಾಟಬೇಕು. ಕೆಲವು ಕಂಪನಿಗಳು ಕಾರನ್ನು ಫೆರಿಗೆ ಹತ್ತಿಸಲು ಬಿಡುತ್ತವೆ. ಇನ್ನು ಕೆಲವು ಈ ದಡದಲ್ಲಿ ಒಂದು ಕಾರು ಬಿಡಿ, ಆ ದಡದಲ್ಲಿ ಇನ್ನೊಂದು ತಗೊಳ್ಳಿ ಅನ್ನುತ್ತವೆ. ಕಾರಿಗೆ ಫೆರಿ ಟಿಕೆಟ್ ಜಾಸ್ತಿಯಾಗುವುದರಿಂದ ಎರಡನೆಯದೇ ಎಷ್ಟೋ ಸಲ ಅಗ್ಗ. ಆದರೆ ಲಗೇಜ್ ಇಳಿಸಿ ಹತ್ತಿಸುವ ಪಾಡು ನಿಮ್ಮದು.

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಅಲ್ಲಿ ಬೇಸಿಗೆ, ಆಗ ರೇಟು ಗಗನಕ್ಕೆ. ನಮ್ಮ ಮಕ್ಕಳ ಬೇಸಿಗೆ ರಜೆ ಬರುವ ಏಪ್ರಿಲ್, ಮೇ ಹೊತ್ತಿಗೆ ಅಲ್ಲಿ ಶರತ್ಕಾಲ. ಮರಗಳೆಲ್ಲ ಹಳದಿ, ಕೆಂಪು ಬಣ್ಣಕ್ಕೆ ತಿರುಗಿರುತ್ತವೆ, ಕಾರಿನ ಬಾಡಿಗೆಯೂ ಇಳಿದಿರುತ್ತದೆ. ನನ್ನ ಕೇಳಿದರೆ ಏಪ್ರಿಲ್‌ನಲ್ಲೇ ಹೋಗಿ.

ರೇಟು ಹುಡುಕುವುದು ಎಲ್ಲಿ, ಹೇಗೆ

ಡಿಸ್ಕವರ್ ಕಾರ್ಸ್, ರೆಂಟಲ್‌ಕಾರ್ಸ್, ಕಯಾಕ್ ತರಹದ ಹೋಲಿಕೆ ತಾಣಗಳಲ್ಲಿ ಒಮ್ಮೆ ಹುಡುಕಿ. ಮಾರುಕಟ್ಟೆ ರೇಟು ಎಷ್ಟಿದೆ ಅನ್ನುವ ಅಂದಾಜು ಸಿಗುತ್ತದೆ. ಆಮೇಲೆ ಅದೇ ತಾರೀಕು, ಅದೇ ಹೊತ್ತು ಹಾಕಿ ಕಂಪನಿಗಳ ಸ್ವಂತ ವೆಬ್‌ಸೈಟ್‌ನಲ್ಲೂ ನೋಡಿ. ಹರ್ಟ್ಜ್, ಏವಿಸ್, ಬಜೆಟ್, ಯುರೋಪ್‌ಕಾರ್ ಎಲ್ಲರಿಗೂ ಗೊತ್ತಿರುವ ಹೆಸರುಗಳು. ಏಪೆಕ್ಸ್, ಗೋ ರೆಂಟಲ್ಸ್, ಜ್ಯೂಸಿ ಅಲ್ಲಿನ ಸ್ಥಳೀಯ ಕಂಪನಿಗಳು. ಸ್ಥಳೀಯ ಕಂಪನಿಗಳನ್ನು ಬಿಡಬೇಡಿ. ಕಾರು ಒಂದೆರಡು ವರ್ಷ ಹಳೆಯದಿರಬಹುದು, ಕೌಂಟರ್ ಟರ್ಮಿನಲ್ ಒಳಗಿಲ್ಲದೆ ಶಟಲ್ ಬಸ್ಸಿನಲ್ಲಿ ಐದು ನಿಮಿಷ ಹೋಗಬೇಕಾಗಬಹುದು. ಅಷ್ಟಕ್ಕೆ ಒಳ್ಳೆಯ ಉಳಿತಾಯ ಇದ್ದರೆ ಯಾರಿಗೆ ಬೇಡ?

ಹುಡುಕುವಾಗ ಗಮನಿಸಬೇಕಾದ್ದು:

- ಬಾಡಿಗೆ ದಿನ ಅಂದರೆ 24 ಗಂಟೆ. ಬೆಳಿಗ್ಗೆ 10ಕ್ಕೆ ತಗೊಂಡು ಕೊನೆಯ ದಿನ ಮಧ್ಯಾಹ್ನ 1ಕ್ಕೆ ಕೊಟ್ಟರೆ ಇನ್ನೊಂದು ದಿನದ ಬಾಡಿಗೆ ಸೇರಬಹುದು. ವಿಮಾನದ ಹೊತ್ತಿಗೆ ಹೊಂದಿಸಿ.
- ಏರ್‌ಪೋರ್ಟ್ ಶುಲ್ಕ, ಎರಡನೇ ಡ್ರೈವರ್ ಶುಲ್ಕ, ಮಗುವಿನ ಸೀಟು ಇವೆಲ್ಲ ಸೇರಿದ ಕೊನೆಯ ಮೊತ್ತ ಬರುವ ಪುಟದವರೆಗೆ ಹೋಗಿ. ಕಾರ್ಡ್ ನಂಬರ್ ಕೇಳುವ ಪುಟದಲ್ಲಿ ನಿಲ್ಲಿಸಿದರಾಯಿತು.
- 25 ವರ್ಷದೊಳಗಿನವರು ಓಡಿಸುವುದಾದರೆ ಬಹಳ ಕಡೆ ಹೆಚ್ಚುವರಿ ಹಣ ಕೇಳುತ್ತಾರೆ.
- ಕಿಲೋಮೀಟರ್ ಮಿತಿ ಇಲ್ಲ ಅಂತ ಬರೆದಿದೆಯಾ ನೋಡಿ.
- ಕಡೇ ಗಳಿಗೆವರೆಗೆ ಉಚಿತವಾಗಿ ರದ್ದು ಮಾಡಬಹುದಾದ ಬುಕಿಂಗ್ ಇದ್ದರೆ ಈಗಲೇ ಹಿಡಿದಿಡಿ. ರೇಟು ಇಳಿದರೆ ರದ್ದು ಮಾಡಿ ಮತ್ತೆ ಬುಕ್ ಮಾಡಿ.

ಮಗುವಿನ ಸೀಟಿನ ವಿಷಯದಲ್ಲಿ ನಮ್ಮೂರಿನ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ಏಳು ತುಂಬುವವರೆಗೆ ಮಗುವಿಗೆ ಅದರ ಅಳತೆಯ ಸೀಟು ಕಡ್ಡಾಯ. ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇವೆ ಅಂದರೆ ಆಗದು.

ಇನ್ನೊಂದು ಸಣ್ಣ ವಿಷಯ. ಡೀಸೆಲ್ ಗಾಡಿ ಆಯ್ದುಕೊಂಡರೆ ಪಂಪಿನಲ್ಲಿ ಡೀಸೆಲ್ ಅಗ್ಗ ಅನಿಸುತ್ತದೆ, ಆದರೆ ಅಲ್ಲಿ ಡೀಸೆಲ್ ವಾಹನಕ್ಕೆ ಓಡಿದ ದೂರದ ಮೇಲೆ ರಸ್ತೆ ಬಳಕೆ ಶುಲ್ಕ ಬೇರೆ ಇದೆ. ಚಿಕ್ಕ ವಾಹನಕ್ಕೆ 1000 ಕಿ.ಮೀ.ಗೆ 76 ಡಾಲರ್ ಸರ್ಕಾರದ ದರ. ಅದನ್ನು ಬಾಡಿಗೆ ಕಂಪನಿ ನಿಮ್ಮಿಂದಲೇ ವಸೂಲಿ ಮಾಡಬಹುದು. ನಾಲ್ಕು ಜನರ ಕುಟುಂಬಕ್ಕೆ ಪೆಟ್ರೋಲ್ ಅಥವಾ ಹೈಬ್ರಿಡ್ ಕಾರೇ ನೆಮ್ಮದಿ.

ಇನ್ಶೂರೆನ್ಸ್: ಅಸಲಿ ಲೆಕ್ಕ ಇಲ್ಲಿದೆ

‘ಇನ್ಶೂರೆನ್ಸ್ ಸೇರಿದೆ’ ಅಂತ ಎಲ್ಲ ಆಫರ್‌ಗಳಲ್ಲೂ ಬರೆದಿರುತ್ತದೆ. ಅದು ಸುಳ್ಳಲ್ಲ. ಆದರೆ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಎಕ್ಸೆಸ್ ಅಂತ ಒಂದು ಮೊತ್ತ ಇರುತ್ತದೆ. ಕಾರಿಗೆ ಪೆಟ್ಟಾದರೆ ಅಷ್ಟು ಮೊತ್ತದವರೆಗೆ ನೀವೇ ಕೊಡಬೇಕು. ಅದಕ್ಕಿಂತ ಮೇಲಿನದು ಮಾತ್ರ ಅವರ ಇನ್ಶೂರೆನ್ಸ್‌ಗೆ.

ನಮ್ಮೂರಲ್ಲಿ ಕಾರಿನ ಇನ್ಶೂರೆನ್ಸ್ ಕ್ಲೇಮ್ ಮಾಡಿದಾಗ ಕಡ್ಡಾಯವಾಗಿ ನಮ್ಮ ಜೇಬಿನಿಂದ ಹೋಗುವುದು 1500 ಸಿಸಿವರೆಗಿನ ಕಾರಿಗೆ 1000 ರೂಪಾಯಿ, ದೊಡ್ಡ ಕಾರಿಗೆ 2000. ಹಾಗಾಗಿ ಈ ಸಾಲಿನ ಕಡೆಗೆ ನಾವು ಕಣ್ಣೇ ಹಾಯಿಸುವುದಿಲ್ಲ. ನ್ಯೂಜಿಲೆಂಡ್ ಬಾಡಿಗೆ ಕಾರಿನಲ್ಲಿ ಅದೇ ಮೊತ್ತ 3000, 5000 ಡಾಲರ್ ಅಂತೆಲ್ಲ ಇರುತ್ತದೆ. ಡಾಲರ್‌ಗೆ 50 ರೂಪಾಯಿ ಅಂತ ಹಿಡಿದರೂ ಐದು ಸಾವಿರ ಅಂದರೆ ಎರಡೂವರೆ ಲಕ್ಷ. ಪಾರ್ಕಿಂಗ್‌ನಲ್ಲಿ ಕಂಬಕ್ಕೆ ತಾಗಿಸಿದರೂ ರಿಪೇರಿ ಬಿಲ್ ಈ ಮೊತ್ತದೊಳಗೇ ಬರುವುದರಿಂದ ಪೂರ್ತಿ ನಿಮ್ಮದೇ. ತಪ್ಪು ಇನ್ನೊಬ್ಬರದ್ದೇ ಆಗಿದ್ದರೂ ಮೊದಲು ನಿಮ್ಮ ಕಾರ್ಡ್‌ನಿಂದ ಕಡಿತ ಮಾಡಿಕೊಂಡು, ಆ ಕಡೆಯವರಿಂದ ವಸೂಲಾದ ಮೇಲೆ ವಾಪಸ್ ಕೊಡುವುದು ಸಾಮಾನ್ಯ.

ಈ ಎಕ್ಸೆಸ್ ಇಳಿಸಲು ಎರಡು ದಾರಿ ಇವೆ.

ಒಂದು, ಬಾಡಿಗೆ ಕಂಪನಿಯ ಕೈಯಿಂದಲೇ ದಿನಕ್ಕಿಷ್ಟು ಕೊಟ್ಟು ಎಕ್ಸೆಸ್ ಸೊನ್ನೆಗೆ ಇಳಿಸಿಕೊಳ್ಳುವುದು. ಇದು ದುಬಾರಿ. ಆದರೆ ಪೆಟ್ಟಾದರೆ ಕೀ ಕೊಟ್ಟು, ಒಂದು ಫಾರಂ ತುಂಬಿ ನಡೆಯಬಹುದು. ಕಾರು ಕೊಡುವಾಗ ಕಂಪನಿ ನಿಮ್ಮ ಕ್ರೆಡಿಟ್ ಕಾರ್ಡ್‌ನಲ್ಲಿ ಹಿಡಿದಿಡುವ ಡಿಪಾಸಿಟ್ ಕೂಡ ಇನ್ನೂರು, ಮುನ್ನೂರು ಡಾಲರ್‌ನಂಥ ಸಣ್ಣ ಮೊತ್ತಕ್ಕೆ ಇಳಿಯುತ್ತದೆ.

ಎರಡು, ಬೇರೆ ಇನ್ಶೂರೆನ್ಸ್ ಕಂಪನಿಯಿಂದ ಎಕ್ಸೆಸ್‌ಗೆ ಮಾತ್ರ ಪಾಲಿಸಿ ತಗೊಳ್ಳುವುದು. ಹೋಲಿಕೆ ತಾಣಗಳು ಬುಕಿಂಗ್ ಜೊತೆ ‘ಫುಲ್ ಕವರೇಜ್’ ಅಂತ ಮಾರುವುದೂ ಇದೇ ಜಾತಿಯದು. ಅಗ್ಗ. ಆದರೆ ಇದು ಆಮೇಲೆ ಕೊಡುವ ದುಡ್ಡು. ಪೆಟ್ಟಾದಾಗ ನೀವು ಬಾಡಿಗೆ ಕಂಪನಿಗೆ ಪೂರ್ತಿ ಕಟ್ಟಬೇಕು, ಬಿಲ್, ಫೋಟೊ, ಒಪ್ಪಂದದ ಪ್ರತಿ ಎಲ್ಲ ಜೋಡಿಸಿ ಊರಿಗೆ ಬಂದ ಮೇಲೆ ಕ್ಲೇಮ್ ಹಾಕಬೇಕು. ಡಿಪಾಸಿಟ್ ಮಾತ್ರ ಪೂರ್ತಿ ಎಕ್ಸೆಸ್‌ನಷ್ಟೇ ಹಿಡಿಯಬಹುದು. ಇದನ್ನು ಕೊಳ್ಳುವ ಮೊದಲು ಭಾರತದಲ್ಲಿ ವಾಸ ಇರುವವರಿಗೆ ಪಾಲಿಸಿ ಸಿಗುತ್ತದೆಯೇ ನೋಡಿ. ಇಂಥ ಎಷ್ಟೋ ಪಾಲಿಸಿಗಳು ಬ್ರಿಟನ್ ಅಥವಾ ಯುರೋಪಿನಲ್ಲಿ ವಾಸಿಸುವವರಿಗೆ ಮಾತ್ರ.

ಅಂಕಿ ಹಾಕಿ ನೋಡೋಣ. ಇದು ಲೆಕ್ಕ ತೋರಿಸಲು ಹಾಕಿದ ಉದಾಹರಣೆ, ನಿಮಗೆ ಸಿಕ್ಕ ರೇಟು ಹಾಕಿಕೊಂಡು ನೀವೂ ಮಾಡಿ. ಏಳು ದಿನ, ಕ್ರೈಸ್ಟ್‌ಚರ್ಚ್‌ನಿಂದ ಕ್ವೀನ್ಸ್‌ಟೌನ್, ಗಂಡ ಹೆಂಡತಿ ಇಬ್ಬರೂ ಓಡಿಸುತ್ತಾರೆ.

ಮೊದಲ ಆಫರ್: ದಿನಕ್ಕೆ 45 ಡಾಲರ್, ಏಳು ದಿನಕ್ಕೆ 315. ಒನ್ ವೇ 120, ಏರ್‌ಪೋರ್ಟ್ ಶುಲ್ಕ 45, ಎರಡನೇ ಡ್ರೈವರ್ 35. ಒಟ್ಟು 515. ಏನೂ ಆಗದಿದ್ದರೆ ಇಷ್ಟೇ. ದೊಡ್ಡ ಪೆಟ್ಟಾದರೆ ಎಕ್ಸೆಸ್ 5000 ಸೇರಿ 5515.

ಅದೇ ಕಾರಿಗೆ ಕೌಂಟರ್‌ನಲ್ಲಿ ದಿನಕ್ಕೆ 38 ಕೊಟ್ಟು ಎಕ್ಸೆಸ್ ಸೊನ್ನೆ ಮಾಡಿಸಿದರೆ 266 ಸೇರಿ 781. ಪೆಟ್ಟಾದರೂ 781.

ಅದೇ ಕಾರಿಗೆ ಹೊರಗಿನ ಪಾಲಿಸಿ ದಿನಕ್ಕೆ 12ರಂತೆ ತಗೊಂಡರೆ 84 ಸೇರಿ 599. ಪೆಟ್ಟಾದರೆ ಮೊದಲು 5000 ಕಟ್ಟಿ, ಕ್ಲೇಮ್ ಪಾಸಾದ ಮೇಲೆ ವಾಪಸ್.

ಸ್ಥಳೀಯ ಕಂಪನಿಯ ಆಫರ್: ದಿನಕ್ಕೆ 88, ಅದರಲ್ಲೇ ಎಕ್ಸೆಸ್ ಸೊನ್ನೆ, ಎರಡನೇ ಡ್ರೈವರ್, ಏರ್‌ಪೋರ್ಟ್ ಶುಲ್ಕ ಎಲ್ಲ ಸೇರಿದೆ. 616, ಒನ್ ವೇ 75. ಒಟ್ಟು 691. ಪೆಟ್ಟಾದರೂ 691.

ನೋಡಿ, ದಿನಕ್ಕೆ 88 ಅಂತ ದುಬಾರಿ ಕಂಡಿದ್ದು 45ರ ಕಾರಿಗಿಂತ 90 ಡಾಲರ್ ಅಗ್ಗವಾಯಿತು, ಅದೂ ಅದೇ ಮಟ್ಟದ ರಕ್ಷಣೆಯಲ್ಲಿ. ಕಾರ್ಡ್ ಲಿಮಿಟ್ ಧಾರಾಳವಾಗಿದ್ದು, ಕಾಗದಪತ್ರ ಜೋಡಿಸಿ ಕ್ಲೇಮ್ ಮಾಡುವ ತಾಳ್ಮೆ ಇದ್ದರೆ ಹೊರಗಿನ ಪಾಲಿಸಿ ಸರಿ. ಮೊದಲ ಸಲ ವಿದೇಶದಲ್ಲಿ ಓಡಿಸುವವರಿಗೆ, ವಯಸ್ಸಾದ ಅಪ್ಪ ಅಮ್ಮನನ್ನು ಜೊತೆಗೆ ಕರೆದುಕೊಂಡು ಹೋಗುವವರಿಗೆ ನಾನು ಕಂಪನಿಯ ಸೊನ್ನೆ ಎಕ್ಸೆಸ್ ಅನ್ನೇ ಹೇಳುತ್ತೇನೆ. ಏನೂ ತಗೊಳ್ಳದೆ ಧೈರ್ಯದ ಮೇಲೆ ಹೋಗುವುದು ಮಾತ್ರ ಬೇಡ.

ಸೊನ್ನೆ ಅಂದರೂ ಪೂರ್ತಿ ಸೊನ್ನೆಯಲ್ಲ

ಬಾಡಿಗೆ ಒಪ್ಪಂದದಲ್ಲಿ ‘ಇವು ಸೇರಿಲ್ಲ’ ಅನ್ನುವ ಭಾಗ ಓದಿ. ಬೇರೇನೂ ಓದದಿದ್ದರೂ ಅದೊಂದನ್ನು ಓದಿ. ಮುಂದಿನ ಗಾಜು, ಟೈರು, ಕಾರಿನ ಅಡಿಭಾಗ, ಮೇಲ್ಛಾವಣಿ ಈ ನಾಲ್ಕನ್ನು ಹೆಸರು ಹಿಡಿದು ಹುಡುಕಿ. ನ್ಯೂಜಿಲೆಂಡ್ ರಸ್ತೆಗಳ ಮೇಲೆ ಸಣ್ಣ ಜಲ್ಲಿ ಚಿಮ್ಮುವುದು ಸಾಮಾನ್ಯ, ಗಾಜಿಗೆ ಕಲ್ಲು ಬಡಿಯುವುದೂ ಅಷ್ಟೇ ಸಾಮಾನ್ಯ. ಗಾಜು, ಟೈರು ಸೇರಿರುವ ಕವರ್‌ಗೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಗಾಳಿಯದ್ದು ಇನ್ನೊಂದು ಕಥೆ. ಟೆಕಾಪೊ ಕಡೆಯ ಬಯಲಿನಲ್ಲಿ ಗಾಳಿ ಎಂಥದ್ದು ಅಂದರೆ, ಕಾರು ನಿಲ್ಲಿಸಿ ಬಾಗಿಲು ಸ್ವಲ್ಪ ತೆರೆದರೆ ಸಾಕು, ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ಬಗ್ಗಿಸಿಬಿಡುತ್ತದೆ. ಹಿಂಜ್ ಹೋದರೆ ದೊಡ್ಡ ಬಿಲ್. ಮಕ್ಕಳನ್ನು ಹಿಂದೆ ಕೂರಿಸಿದ್ದರೆ ಬಾಗಿಲು ನೀವೇ ಇಳಿದು ಬಂದು ತೆರೆಯಿರಿ.

ಕೆಲವು ರಸ್ತೆಗಳಿಗೆ ಹೋದರೆ ಇನ್ಶೂರೆನ್ಸ್ ಇದ್ದೂ ಇಲ್ಲದ ಹಾಗೆ. ಕ್ವೀನ್ಸ್‌ಟೌನ್ ಹತ್ತಿರದ ಸ್ಕಿಪ್ಪರ್ಸ್ ರಸ್ತೆ, ಮೌಂಟ್ ಕುಕ್ ಕಡೆಯ ಬಾಲ್ ಹಟ್ ರಸ್ತೆ, ಉತ್ತರದ ನೈಂಟಿ ಮೈಲ್ ಬೀಚ್, ಕೊರೊಮಂಡಲ್ ಪರ್ಯಾಯ ದ್ವೀಪದಲ್ಲಿ ಕಾಲ್ವಿಲ್ ದಾಟಿದ ಮೇಲಿನ ರಸ್ತೆ ಇವು ಸಾಮಾನ್ಯವಾಗಿ ಒಪ್ಪಂದದ ನಿಷೇಧ ಪಟ್ಟಿಯಲ್ಲಿರುತ್ತವೆ. ಗೂಗಲ್ ಮ್ಯಾಪ್ಸ್‌ಗೆ ಇದೆಲ್ಲ ಗೊತ್ತಿಲ್ಲ, ಅದು ದಾರಿ ತೋರಿಸಿಬಿಡುತ್ತದೆ. ಒಪ್ಪಂದದಲ್ಲಿ ಹೆಸರಿಲ್ಲದವರು ಓಡಿಸಿದರೆ, ಕುಡಿದು ಓಡಿಸಿದರೆ, ಹಳ್ಳಕ್ಕೆ ಇಳಿಸಿದರೆ, ಪೆಟ್ರೋಲ್ ಕಾರಿಗೆ ಡೀಸೆಲ್ ಹಾಕಿದರೆ ಕೂಡ ಕವರ್ ಹೋಯಿತು ಅಂತಲೇ ತಿಳಿಯಿರಿ.

ಜನರಿಗೆ ಗಾಯವಾದರೆ? ಇಲ್ಲಿ ನ್ಯೂಜಿಲೆಂಡ್‌ನ ಪದ್ಧತಿ ಬೇರೆ. ಅಪಘಾತದ ಗಾಯಕ್ಕೆ ಎಸಿಸಿ ಅನ್ನುವ ಸರ್ಕಾರಿ ಯೋಜನೆ ಇದೆ, ಪ್ರವಾಸಿಗರ ಚಿಕಿತ್ಸೆಗೂ ಅದು ನೆರವಾಗುತ್ತದೆ. ಹಾಗಂತ ಟ್ರಾವೆಲ್ ಇನ್ಶೂರೆನ್ಸ್ ಬಿಡಬೇಡಿ. ಜ್ವರ, ಹೃದಯದ ತೊಂದರೆಯಂಥ ಕಾಯಿಲೆಗೆ ಎಸಿಸಿ ಬರುವುದಿಲ್ಲ, ಊರಿಗೆ ವಾಪಸ್ ಕರೆತರುವ ಖರ್ಚಿಗೂ ಬರುವುದಿಲ್ಲ. ನಿಮ್ಮ ಟ್ರಾವೆಲ್ ಪಾಲಿಸಿಯಲ್ಲಿ ಬಾಡಿಗೆ ಕಾರಿನ ಎಕ್ಸೆಸ್ ಸೇರಿದೆಯಾ ಅಂತಲೂ ನೋಡಿ. ಸೇರಿದ್ದರೆ ಮಿತಿ ಎಷ್ಟು ನೋಡಿ, ಬೇರೆ ಪಾಲಿಸಿ ಬೇಕಾಗದೇ ಇರಬಹುದು.

ಅಮೆರಿಕದಲ್ಲಿರುವ ನಮ್ಮವರು ‘ನಮ್ಮ ಕ್ರೆಡಿಟ್ ಕಾರ್ಡ್‌ನಲ್ಲೇ ಕಾರ್ ಇನ್ಶೂರೆನ್ಸ್ ಬರುತ್ತೆ’ ಅಂತ ಸಲಹೆ ಕೊಡುತ್ತಾರೆ. ಅವರ ಕಾರ್ಡ್‌ಗಳಿಗೆ ಆ ಸೌಲಭ್ಯ ಇರುವುದು ನಿಜ. ಆದರೆ ಅಮೆರಿಕನ್ ಎಕ್ಸ್‌ಪ್ರೆಸ್‌ನ ಸಾಮಾನ್ಯ ಬಾಡಿಗೆ ಕಾರು ಕವರ್ ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಇಟಲಿಗಳಲ್ಲಿ ನಡೆಯುವುದಿಲ್ಲ. ಭಾರತದ ಕಾರ್ಡ್ ಇಟ್ಟುಕೊಂಡು ಇಂಥ ಸಲಹೆ ನಂಬುವ ಮೊದಲು ನಿಮ್ಮ ಬ್ಯಾಂಕಿನ ನಿಯಮ ಪುಟ ತೆರೆದು ನೋಡಿ.

ಕಾರ್ಡ್ ಮತ್ತು ಕಾಗದ

ಒಪ್ಪಂದಕ್ಕೆ ಸಹಿ ಹಾಕುವ ಮುಖ್ಯ ಡ್ರೈವರ್ ಹೆಸರಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು. ಗಂಡನ ಹೆಸರಲ್ಲಿ ಬುಕಿಂಗ್, ಹೆಂಡತಿಯ ಕಾರ್ಡ್ ಅಂದರೆ ಕೌಂಟರ್‌ನಲ್ಲಿ ತಕರಾರು. ಡೆಬಿಟ್ ಕಾರ್ಡ್, ಫಾರೆಕ್ಸ್ ಕಾರ್ಡ್ ಕೊಟ್ಟರೆ ಕೆಲವರು ಒಪ್ಪುವುದಿಲ್ಲ, ಒಪ್ಪುವವರು ಅತಿ ದುಬಾರಿ ಕವರ್ ತಗೊಳ್ಳಲೇಬೇಕು ಅನ್ನಬಹುದು.

ಹೊರಡುವ ಮೊದಲು ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ವಹಿವಾಟು ಆನ್ ಮಾಡಿ, ಅಲ್ಲಿನ ಮಿತಿಯನ್ನೂ ಏರಿಸಿ. ಕಾರ್ಡ್ ಲಿಮಿಟ್ ಮೂರು ಲಕ್ಷ ಇದ್ದು ಎರಡೂವರೆ ಲಕ್ಷ ಡಿಪಾಸಿಟ್‌ಗೇ ಸಿಕ್ಕಿಕೊಂಡರೆ ಹೋಟೆಲ್ ಬಿಲ್ ಯಾರು ಕಟ್ಟುತ್ತಾರೆ? ಎರಡನೇ ಕಾರ್ಡ್ ಜೊತೆಗಿರಲಿ. ನಮ್ಮ ಬಹುತೇಕ ಕಾರ್ಡ್‌ಗಳು ವಿದೇಶಿ ಖರ್ಚಿಗೆ ಹೆಚ್ಚುವರಿ ಶುಲ್ಕ ಹಾಕುತ್ತವೆ. ಅದು ಶೇ 3.5 ಇದ್ದರೆ ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ ಶೇ 4.13 ಆಗುತ್ತದೆ. ಕಾರ್ಡ್ ಯಂತ್ರ ‘ರೂಪಾಯಿಯಲ್ಲಾ, ಡಾಲರ್‌ನಲ್ಲಾ’ ಅಂತ ಕೇಳಿದರೆ ಡಾಲರ್ ಅನ್ನೇ ಒತ್ತಿ. ರೂಪಾಯಿ ಒತ್ತಿದರೆ ಅವರು ಹೇಳಿದ್ದೇ ವಿನಿಮಯ ದರ.

ಇಂಗ್ಲಿಷ್ ಡಿಎಲ್ ಸಾಕಾದರೂ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡರೆ ಒಳ್ಳೆಯದು, ಕೆಲವು ಕೌಂಟರ್‌ಗಳಲ್ಲಿ ಕೇಳುತ್ತಾರೆ. ಪರಿವಾಹನ್ ತಾಣದಲ್ಲಿ ಅರ್ಜಿ ಹಾಕಿ ನಿಮ್ಮ ಆರ್‌ಟಿಒದಲ್ಲಿ ಪಡೆಯಬಹುದು. ಒಂದು ವರ್ಷ ನಡೆಯುತ್ತದೆ. ಮೂಲ ಡಿಎಲ್ ಜೊತೆಗಿರಲೇಬೇಕು. ಡಿಜಿಲಾಕರ್ ತೋರಿಸಿದರೆ ಅಲ್ಲಿ ಯಾರೂ ಒಪ್ಪುವುದಿಲ್ಲ.

ಕೌಂಟರ್‌ನಲ್ಲಿ

ರಾತ್ರಿಯೆಲ್ಲ ವಿಮಾನದಲ್ಲಿ ಕೂತು ಬಂದಿರುತ್ತೀರಿ, ಮಗು ಅಳುತ್ತಿರುತ್ತದೆ, ಹಿಂದೆ ಕ್ಯೂ ಇರುತ್ತದೆ. ಕೌಂಟರ್‌ನವರು ನಗುತ್ತಲೇ, ‘ನಿಮ್ಮ ಹೊರಗಿನ ಇನ್ಶೂರೆನ್ಸ್ ನಮ್ಮಲ್ಲಿ ನಡೆಯಲ್ಲ, ನಮ್ಮದು ತಗೊಳ್ಳಿ’ ಅನ್ನುತ್ತಾರೆ. ಮಾತು ಅರ್ಧ ನಿಜ. ಅವರಿಗೆ ಅದು ಲೆಕ್ಕಕ್ಕಿಲ್ಲ, ಯಾಕೆಂದರೆ ಅದು ದುಡ್ಡು ಕೊಡುವುದು ನಿಮಗೆ, ಅವರಿಗಲ್ಲ. ನೀವು ಹೇಳಬೇಕಾದ್ದು ಇಷ್ಟೇ: ‘ಗೊತ್ತಿದೆ, ಪೂರ್ತಿ ಡಿಪಾಸಿಟ್ ಹಿಡಿಯಿರಿ, ನಿಮ್ಮ ಕವರ್ ಬೇಡ.’ ವಾದ ಮಾಡಬೇಕಿಲ್ಲ. ಸಹಿ ಹಾಕುವ ಮೊದಲು ಪರದೆಯಲ್ಲಿ ಬೇಡವಾದ ಕವರ್, ದೊಡ್ಡ ಕಾರಿನ ಅಪ್‌ಗ್ರೇಡ್ ಸೇರಿಕೊಂಡಿಲ್ಲ ಅಂತ ಒಂದೊಂದೇ ಸಾಲು ನೋಡಿ. ಡಿಪಾಸಿಟ್ ಬರೀ ಹಿಡಿದಿಡುವುದಾ, ನಿಜವಾಗಿ ಕಡಿತವಾ ಅಂತ ಕೇಳಿ. ಕಡಿತವಾದರೆ ವಾಪಸ್ ಬರುವಾಗ ವಿನಿಮಯ ದರದಲ್ಲಿ ಹೆಚ್ಚುಕಮ್ಮಿ ಆಗುತ್ತದೆ.

ಎರಡನೇ ಡ್ರೈವರ್ ಹೆಸರು ಒಪ್ಪಂದದ ಮೇಲೆ ಅಚ್ಚಾಗಿದೆಯಾ ಕಣ್ಣಾರೆ ನೋಡಿ.

ಆಮೇಲೆ ಕಾರಿನ ಹತ್ತಿರ. ಮೊಬೈಲ್ ತೆಗೆದು ಎಡ ಮುಂದಿನ ಚಕ್ರದಿಂದ ಶುರು ಮಾಡಿ ನಿಧಾನವಾಗಿ ಒಂದು ಸುತ್ತು ವಿಡಿಯೊ ಮಾಡಿ. ನಾಲ್ಕು ಅಲಾಯ್ ಚಕ್ರಗಳ ಅಂಚು, ಬಂಪರ್‌ನ ಕೆಳಗಿನ ತುದಿ, ಕನ್ನಡಿಗಳ ಹಿಂಭಾಗ ಹತ್ತಿರದಿಂದ. ಮುಂದಿನ ಗಾಜನ್ನು ಓರೆಯಾಗಿ, ಬೆಳಕಿಗೆ ಹಿಡಿದು ನೋಡಿದರೆ ಸಾಸಿವೆ ಗಾತ್ರದ ಕಲ್ಲೇಟೂ ಕಾಣುತ್ತದೆ. ಕಂಡದ್ದನ್ನೆಲ್ಲ ಅವರ ಚೀಟಿಯಲ್ಲಿ ಬರೆಸಿ, ಸಿಬ್ಬಂದಿ ಸುತ್ತಮುತ್ತ ಇಲ್ಲದಿದ್ದರೆ ಅಲ್ಲಿಂದಲೇ ಇಮೇಲ್ ಹಾಕಿ. ಕಾರು ಒದ್ದೆಯಿದ್ದರೆ ಗೀರು ಕಾಣುವುದಿಲ್ಲ, ಒರೆಸಿ ನೋಡಿ. ಕೊನೆಗೆ ಡ್ಯಾಶ್‌ಬೋರ್ಡ್‌ನ ಕಿಲೋಮೀಟರ್, ಪೆಟ್ರೋಲ್ ಮುಳ್ಳು.

ಓಡಿಸುವಾಗ

ಹೆಚ್ಚು ಹೇಳುವುದಿಲ್ಲ. ಊರಾಚೆ ಸಾಮಾನ್ಯ ಮಿತಿ ಗಂಟೆಗೆ 100 ಕಿ.ಮೀ., ತಿರುವುಗಳಲ್ಲಿ ಅಷ್ಟು ವೇಗ ಆಗದು. ಒಂದು ಸಲಕ್ಕೆ ಒಂದೇ ಕಡೆಯ ಗಾಡಿ ದಾಟುವಷ್ಟು ಕಿರಿದಾದ ಸೇತುವೆಗಳ ಮುಂದೆ ನಿಮ್ಮ ಕಡೆಗೆ ಕೆಂಪು ಸಣ್ಣ ಬಾಣ ಇದ್ದರೆ ನಿಂತು ಎದುರಿನವರಿಗೆ ದಾರಿ ಬಿಡಿ. ಮಿಲ್ಫರ್ಡ್ ದಾರಿಯಲ್ಲಿ ಸಿಗುವ ತೆ ಅನಾವ್ ಊರಿನಿಂದ ಮಿಲ್ಫರ್ಡ್‌ಗೆ ಸುಮಾರು 120 ಕಿ.ಮೀ., ಅಷ್ಟೇ ವಾಪಸ್. ತೆ ಅನಾವ್‌ನಲ್ಲೇ ಟ್ಯಾಂಕ್ ತುಂಬಿಸಿ. ಮೇ ತಿಂಗಳಿಂದ ನವೆಂಬರ್‌ವರೆಗೆ ಆ ರಸ್ತೆಯಲ್ಲಿ ಹಿಮ ಬೀಳಬಹುದು, ಸೂಚನೆ ಇದ್ದ ದಿನ ಚಕ್ರಕ್ಕೆ ಕಟ್ಟುವ ಸರಪಳಿ ಕಾರಿನಲ್ಲಿರಲೇಬೇಕು. ಬಾಡಿಗೆ ಕಂಪನಿಯನ್ನೇ ಕೇಳಿ ತಗೊಳ್ಳಿ.

ಕಾರಿಗೆ ಪೆಟ್ಟಾದರೆ ಜನರಿಗೆ ಏನಾಗಿದೆ ಅಂತ ಮೊದಲು ನೋಡಿ. ತುರ್ತು ಸಂಖ್ಯೆ 111. ಎದುರಿನ ಕಾರಿನ ನಂಬರ್, ಓಡಿಸುತ್ತಿದ್ದವರ ಹೆಸರು, ಫೋನ್, ಅವರ ಇನ್ಶೂರೆನ್ಸ್ ಕಂಪನಿ ಬರೆದುಕೊಳ್ಳಿ, ಫೋಟೊ ತೆಗೆಯಿರಿ, ಆಮೇಲೆ ಬಾಡಿಗೆ ಕಂಪನಿಗೆ ಫೋನ್ ಮಾಡಿ. ಅವರನ್ನು ಕೇಳದೆ ಗ್ಯಾರೇಜಿಗೆ ಕೊಟ್ಟು ರಿಪೇರಿ ಮಾಡಿಸಬೇಡಿ, ಕ್ಲೇಮ್ ತಿರಸ್ಕಾರವಾಗಲು ಅದೊಂದು ಸಾಕು.

ವಾಪಸ್ ಕೊಡುವಾಗ

ಟ್ಯಾಂಕ್ ತುಂಬಿಸಿ ಕೊಡಿ, ಪಂಪಿನ ರಸೀದಿ ಇಟ್ಟುಕೊಳ್ಳಿ. ಮತ್ತೊಂದು ಸುತ್ತು ವಿಡಿಯೊ. ಸಾಧ್ಯವಾದರೆ ಆಫೀಸ್ ತೆರೆದಿರುವ ಹೊತ್ತಿನಲ್ಲೇ ಕೊಟ್ಟು, ಯಾವ ಹಾನಿಯೂ ಇಲ್ಲ ಅಂತ ಬರವಣಿಗೆಯಲ್ಲಿ ಪಡೆಯಿರಿ. ಬೆಳಗಿನ ಜಾವ ಕೀ ಡಬ್ಬಿಗೆ ಹಾಕಿ ವಿಮಾನ ಹತ್ತುವುದಾದರೆ ಪಾರ್ಕಿಂಗ್ ಜಾಗದ ಗುರುತು ಕಾಣುವ ಹಾಗೆ ಫೋಟೊ ಇರಲಿ.

ಉತ್ತರ ದ್ವೀಪದಲ್ಲಿ ಆಕ್ಲೆಂಡ್‌ನ ಉತ್ತರಕ್ಕೆ ಮತ್ತು ಟೌರಂಗ ಸುತ್ತ ಟೋಲ್ ರಸ್ತೆಗಳಿವೆ. ಅಲ್ಲಿ ಬೂತ್ ಇರುವುದಿಲ್ಲ, ಐದು ದಿನದೊಳಗೆ ಆನ್‌ಲೈನ್‌ನಲ್ಲಿ ಕಟ್ಟಬೇಕು. ಮರೆತರೆ ಎರಡು ಮೂರು ಡಾಲರ್‌ನ ಟೋಲ್ ಮೇಲೆ ಬಾಡಿಗೆ ಕಂಪನಿ ತನ್ನ ಆಡಳಿತ ಶುಲ್ಕ ಸೇರಿಸಿ ಕಾರ್ಡ್‌ನಿಂದ ತೆಗೆಯುತ್ತದೆ. ಸ್ಪೀಡ್ ಕ್ಯಾಮೆರಾ ದಂಡಕ್ಕೂ ಇದೇ ಪದ್ಧತಿ. ಇವು ಊರಿಗೆ ಬಂದು ವಾರಗಳಾದ ಮೇಲೆ ಬರುವುದರಿಂದ ಆ ಕಾರ್ಡ್‌ನ ಎರಡು ತಿಂಗಳ ಸ್ಟೇಟ್‌ಮೆಂಟ್ ನೋಡುತ್ತಿರಿ. ಹಿಡಿದಿಟ್ಟ ಡಿಪಾಸಿಟ್ ಬಿಡುಗಡೆಯಾಗಿ, ಕೊನೆಯ ಇನ್‌ವಾಯ್ಸ್ ಕೈಸೇರುವವರೆಗೆ ಎರಡೂ ವಿಡಿಯೊ ಅಳಿಸಬೇಡಿ.